ಒಂಬತ್ತನೇ ತರಗತಿಯಲ್ಲಿ ‘ಶಕ್ತಿ’

ವಿಜ್ಞಾನವನ್ನು ಕನ್ನಡದಲ್ಲಿ ಕಲಿಸುವಾಗ ‘ದ್ಯುತಿಸಂಶ್ಲೇಷಣೆ’ಯಂಥ ಉದ್ದನೆಯ ಪದಗಳಿಗೆ ಹೆದರಬೇಕಾಗಿಲ್ಲ. ಮಕ್ಕಳು ಅದನ್ನು ಮೊದಲು ಕೇಳುವುದೇ ತರಗತಿಯಲ್ಲಾದ್ದರಿಂದ ನಾವು ಕೊಟ್ಟ ಅರ್ಥವೇ ಅವರಲ್ಲಿ ಉಳಿಯುತ್ತದೆ. ತೊಡಕಿರುವುದು ‘ಶಕ್ತಿ’, ‘ಬಲ’, ‘ಕೆಲಸ’ ಎಂಬ ಪದಗಳಲ್ಲಿ, ಅವನ್ನು ಅವರು ಮಾತು ಕಲಿತಂದಿನಿಂದಲೂ ಬೇರೆ ಅರ್ಥಗಳಲ್ಲಿ ಬಳಸುತ್ತಿರುತ್ತಾರೆ. ಅದಕ್ಕಾಗಿಯೇ ಈ ವರ್ಷ ‘ಕೆಲಸ ಮತ್ತು ಶಕ್ತಿ’ ಪಾಠ ಆರಂಭಿಸುವ ದಿನ, ಪುಸ್ತಕ ತೆರೆಯುವ ಮೊದಲು, ‘ಶಕ್ತಿ’ ಎಂಬ ಪದವಿರುವ ಒಂದೊಂದು ವಾಕ್ಯವನ್ನು ಬರೆದುಕೊಡುವಂತೆ ಒಂಬತ್ತನೇ ತರಗತಿಯವರಿಗೆ ಹೇಳಿದೆ.

ನಮ್ಮದು ಸಾಗರ ತಾಲ್ಲೂಕಿನ ಶಾಲೆ. ಒಂದು ಕಡೆ ಶರಾವತಿಯ ಹಿನ್ನೀರು, ಇನ್ನೊಂದು ಕಡೆ ಅಡಿಕೆ ತೋಟಗಳು. ಚೀಟಿಗಳನ್ನು ಓದುತ್ತಾ ಹೋದಂತೆ ಇಡೀ ಊರೇ ಆ ಪದದೊಳಗೆ ಇರುವಂತೆ ಕಂಡಿತು. ಒಬ್ಬ ಹುಡುಗ ಸಿಗಂದೂರಿನ ಚೌಡೇಶ್ವರಿ ಶಕ್ತಿದೇವತೆ ಎಂದು ಬರೆದಿದ್ದ. ‘ನಮ್ಮ ತೋಟದ ಮೋಟರು ಐದು ಅಶ್ವಶಕ್ತಿಯದು’, ‘ಭೂಮಿಗೆ ಗುರುತ್ವಾಕರ್ಷಣ ಶಕ್ತಿಯಿದೆ’, ‘ಜೋಗದಲ್ಲಿ ನೀರಿನಿಂದ ಶಕ್ತಿ ತಯಾರಿಸುತ್ತಾರೆ’ ಎಂಬವು ಬೇರೆ ಚೀಟಿಗಳಲ್ಲಿದ್ದವು. ‘ಶಕ್ತಿ ಬಂದ ಮೇಲೆ ಅಮ್ಮ ಆಗಾಗ ತವರಿಗೆ ಹೋಗುತ್ತಾಳೆ’ ಎಂಬ ವಾಕ್ಯದ ಮುಂದೆ ನಾನು ಸ್ವಲ್ಪ ಹೊತ್ತು ನಿಂತೆ. 2023ರ ಜೂನ್ 11ರಂದು ಆರಂಭವಾದ, ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ಕೊಡುವ ಯೋಜನೆಯ ಹೆಸರು ಎರಡೇ ವರ್ಷಗಳಲ್ಲಿ ಈ ಹಳೆಯ ಪದಕ್ಕೆ ಹೊಸದೊಂದು ಅರ್ಥವನ್ನು ಸೇರಿಸಿಬಿಟ್ಟಿದೆ, ಮತ್ತು ಆ ಅರ್ಥಕ್ಕೂ ಮೂಲದ ಅರ್ಥಕ್ಕೂ ನಂಟು ಇಲ್ಲದೇ ಇಲ್ಲ.

ಪಾಠ ನಿಜವಾಗಿ ಆರಂಭವಾದದ್ದು ಒಬ್ಬ ಹುಡುಗಿಯ ಪ್ರಶ್ನೆಯಿಂದ. ‘ಜ್ವರ ಬಂದು ಹೋದ ಮೇಲೆ ಅಜ್ಜಿಗೆ ಎದ್ದು ಕೂರುವ ಶಕ್ತಿಯಿಲ್ಲ’ ಎಂದು ಬರೆದಿದ್ದವಳು ಅವಳು. ಕೆಲಸ ಮಾಡುವ ಸಾಮರ್ಥ್ಯವೇ ಶಕ್ತಿ ಎಂಬ ವ್ಯಾಖ್ಯೆಯನ್ನು ನಾನು ಬೋರ್ಡಿನ ಮೇಲೆ ಬರೆದೊಡನೆ, ‘ಮೇಡಂ, ಅಜ್ಜಿ ಈಗ ಸರಿಯಾಗಿ ಗಂಜಿ ಕುಡೀತಾಳೆ, ಆದ್ರೂ ಶಕ್ತಿ ಇಲ್ಲ ಅಂತಾಳೆ, ಹಂಗಾದ್ರೆ ಗಂಜಿಯ ಶಕ್ತಿ ಎಲ್ಲಿ ಹೋಯ್ತು?’ ಎಂದು ಕೇಳಿದಳು. ಅಂಥ ಪ್ರಶ್ನೆಗೆ ಅವಸರದ ಉತ್ತರ ಕೊಡುವುದು ಅನ್ಯಾಯ. ವಿಜ್ಞಾನ ಶಕ್ತಿಯನ್ನು ಅಳೆಯುವುದು ಜೂಲ್ ಎಂಬ ಮಾನದಲ್ಲಿ. ಗಂಜಿಯಲ್ಲಿರುವ ಪ್ರತಿ ಕಿಲೋಕ್ಯಾಲೊರಿಯೂ ಸುಮಾರು 4,200 ಜೂಲ್ ಶಕ್ತಿ. ಅದು ಅಜ್ಜಿಯ ಮೈಯನ್ನು ಬೆಚ್ಚಗಿಡುತ್ತಿದೆ, ಹೃದಯವನ್ನು ನಡೆಸುತ್ತಿದೆ, ಸವೆದ ಸ್ನಾಯುಗಳನ್ನು ಮತ್ತೆ ಕಟ್ಟುತ್ತಿದೆ. ಅಜ್ಜಿ ‘ಇಲ್ಲ’ ಎನ್ನುತ್ತಿರುವುದು ಏಳುವ, ಕೂರುವ ಕಸುವನ್ನು. ಅಜ್ಜಿಯ ಮಾತೂ ಸರಿ, ವಿಜ್ಞಾನದ ಮಾತೂ ಸರಿ, ಪದ ಮಾತ್ರ ಒಂದೇ.

ವ್ಯಾಖ್ಯೆಯಲ್ಲೇ ಇನ್ನೊಂದು ತೊಡಕಿದೆ. ಶಕ್ತಿಯನ್ನು ‘ಕೆಲಸ ಮಾಡುವ ಸಾಮರ್ಥ್ಯ’ ಎಂದು ವಿವರಿಸಿ, ಕೆಲವು ಪುಟ ಮುಂದೆ ಹೋಗಿ ‘ಸಾಮರ್ಥ್ಯ’ ಎಂದರೆ ಕೆಲಸ ನಡೆಯುವ ದರ, ಅದರ ಮಾನ ವ್ಯಾಟ್ ಎಂದು ಹೇಳುತ್ತೇವೆ. ಮೊದಲಿನದು ಆಡುಮಾತಿನ ಸಾಮರ್ಥ್ಯ, ಎರಡನೆಯದು ಭೌತವಿಜ್ಞಾನದ್ದು. ಇದನ್ನು ಬಾಯಿಬಿಟ್ಟು ಹೇಳದಿದ್ದರೆ ಬುದ್ಧಿವಂತ ಮಗುವೇ ಮೊದಲು ಗೊಂದಲಕ್ಕೆ ಬೀಳುತ್ತದೆ ಎಂಬುದು ನನ್ನ ಅನುಭವ.

ಆಮೇಲೆ ಪ್ರತಿ ಚೀಟಿಗೂ ಒಂದೇ ಪ್ರಶ್ನೆ ಕೇಳಿದೆವು: ಇಲ್ಲಿರುವ ಶಕ್ತಿಯನ್ನು ಯಾವ ಮಾನದಲ್ಲಿ ಅಳೆಯಬಹುದು? ಭೂಮಿ ಕಲ್ಲನ್ನು ಸೆಳೆಯುವುದನ್ನು ಅಳೆಯುವುದು ಬಲದ ಮಾನವಾದ ನ್ಯೂಟನ್‌ನಲ್ಲಿ, ಆದ್ದರಿಂದ ಅದು ಬಲ. ಒಂದು ಅಶ್ವಶಕ್ತಿಯೆಂದರೆ 746 ವ್ಯಾಟ್, ಆದ್ದರಿಂದ ಹೆಸರಿನಲ್ಲಿ ಶಕ್ತಿಯಿದ್ದರೂ ಅದು ಸಾಮರ್ಥ್ಯ. ದೇವಿಯ ಶಕ್ತಿಗೂ ಬಸ್ಸಿನ ಶಕ್ತಿಗೂ ಮಾನವಿಲ್ಲ. ಅವು ತಮ್ಮ ಜಾಗದಲ್ಲಿ ಸರಿಯಾಗಿಯೇ ಇವೆ, ಆ ವಾಕ್ಯಗಳನ್ನು ತಪ್ಪೆಂದು ಕೆಂಪು ಶಾಯಿಯಲ್ಲಿ ಹೊಡೆದುಹಾಕುವ ಹಕ್ಕು ವಿಜ್ಞಾನದ ಶಿಕ್ಷಕಿಗಿಲ್ಲ.

ಬಲವನ್ನೂ ಶಕ್ತಿಯನ್ನೂ ಬೆರೆಸಿದವರು ಹಳ್ಳಿಯ ಮಕ್ಕಳಷ್ಟೇ ಅಲ್ಲ. 1847ರಲ್ಲಿ ಜರ್ಮನ್ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ಶಕ್ತಿಯ ನಿತ್ಯತೆಯ ಬಗ್ಗೆ, ಅಂದರೆ ಶಕ್ತಿ ಹೊಸದಾಗಿ ಹುಟ್ಟುವುದೂ ಇಲ್ಲ, ನಾಶವಾಗುವುದೂ ಇಲ್ಲ, ರೂಪ ಮಾತ್ರ ಬದಲಿಸುತ್ತದೆ ಎಂಬ ನಿಯಮದ ಬಗ್ಗೆ, ಬರೆದ ಪ್ರಸಿದ್ಧ ಪ್ರಬಂಧದ ಶೀರ್ಷಿಕೆಯಲ್ಲಿರುವುದು ‘ಕ್ರಾಫ್ಟ್’ ಎಂಬ ಜರ್ಮನ್ ಪದ, ಇಂದು ಜರ್ಮನ್ ಭೌತವಿಜ್ಞಾನದಲ್ಲಿ ಬಲಕ್ಕೆ ಮೀಸಲಾಗಿರುವ ಪದ. ಇದನ್ನು ಹೇಳಿದಾಗ ಗುರುತ್ವಾಕರ್ಷಣ ಶಕ್ತಿಯೆಂದು ಬರೆದ ಹುಡುಗನ ಮುಖ ಅರಳಿತು.

ಜೋಗದ ವಾಕ್ಯವನ್ನು ಕೊನೆಗೆ ಉಳಿಸಿಕೊಂಡಿದ್ದೆ. ಜಲಪಾತದ ಎತ್ತರ 253 ಮೀಟರ್. ಒಂದು ಟನ್, ಅಂದರೆ ಸಾವಿರ ಲೀಟರ್ ನೀರು ಅಷ್ಟು ಎತ್ತರದಿಂದ ಬಿದ್ದರೆ ಸಿಗುವುದು ಸುಮಾರು 24.8 ಲಕ್ಷ ಜೂಲ್. ಕರೆಂಟಿನ ಒಂದು ಯೂನಿಟ್ ಎಂದರೆ 36 ಲಕ್ಷ ಜೂಲ್. ಯಂತ್ರದಲ್ಲಿ ಚೂರೂ ನಷ್ಟವಾಗದಿದ್ದರೂ ಸಾವಿರ ಲೀಟರಿನಿಂದ ಒಂದು ಯೂನಿಟ್ ತುಂಬುವುದಿಲ್ಲ ಎಂಬುದು ಲೆಕ್ಕದಿಂದ ಹೊರಬಿದ್ದಾಗ ತರಗತಿಯಲ್ಲಿ ಗದ್ದಲವೆದ್ದಿತು. ಕರೆಂಟಿಗಾಗಿ ಶರಾವತಿಗೆ ಕಟ್ಟಿದ, 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟು ಅಷ್ಟೊಂದು ನೆಲವನ್ನು ಏಕೆ ಮುಳುಗಿಸಿತು ಎಂಬುದಕ್ಕೆ, ಮುಳುಗಡೆಯಾದ ಮನೆತನಗಳ ಮೊಮ್ಮಕ್ಕಳು ತಾವೇ ಮಾಡಿದ ಈ ಗುಣಾಕಾರ ಒಂದು ಉತ್ತರವಾಗಿತ್ತು. ‘ತಯಾರಿಸುತ್ತಾರೆ’ ಎಂಬ ಕ್ರಿಯಾಪದವನ್ನು ಹುಡುಗರೇ ತಿದ್ದಿದರು: ಸಮುದ್ರದ ನೀರನ್ನು ಆವಿಯಾಗಿಸಿ ಮೇಲೆತ್ತಿದ್ದು ಬಿಸಿಲು, ನಾವು ಕೆಳಗೆ ನಿಂತು ಅದನ್ನು ಕರೆಂಟಾಗಿ ಬದಲಿಸಿಕೊಳ್ಳುತ್ತೇವೆ.

ಒಂದು ಬಳಕೆಯ ಬಗ್ಗೆ ಮಾತ್ರ ನಾನು ಕಟುವಾಗಿಯೇ ಮಾತಾಡಿದೆ. ‘ಧನಾತ್ಮಕ ಶಕ್ತಿ’ ಹೊಮ್ಮಿಸುತ್ತದೆಂದು ಹೇಳಿ ಬಳೆ, ಕಲ್ಲು, ಪಿರಮಿಡ್ಡುಗಳನ್ನು ಮಾರುವವರು ವಿಜ್ಞಾನದ ಪದವನ್ನು ಅದರ ಗೌರವದ ಸಮೇತ ಕದಿಯುತ್ತಾರೆ, ಆದರೆ ಅಳತೆಯನ್ನು ಮುಟ್ಟುವುದಿಲ್ಲ. ಅವರನ್ನು ಎಷ್ಟು ಜೂಲ್ ಎಂದು ಕೇಳಿ ಎಂದು ಮಕ್ಕಳಿಗೆ ಹೇಳಿಕೊಟ್ಟಿದ್ದೇನೆ.

ಮರುದಿನ ಮನೆಯ ಕರೆಂಟ್ ಬಿಲ್ ತರಲು ಹೇಳಿದ್ದೆ. ಮಂಜೂರಾದ ಲೋಡ್ ಕಿಲೋವ್ಯಾಟ್‌ನಲ್ಲಿ, ಬಳಕೆ ಯೂನಿಟ್‌ನಲ್ಲಿ. ಸಾಮರ್ಥ್ಯ ಮತ್ತು ಶಕ್ತಿ ಒಂದೇ ಕಾಗದದಲ್ಲಿ ಬೇರೆ ಬೇರೆಯಾಗಿ ಅಚ್ಚಾಗಿದ್ದವು. ತೋಟದ ಐದು ಅಶ್ವಶಕ್ತಿಯ ಮೋಟರು ಒಂದು ಗಂಟೆ ಪೂರ್ಣವಾಗಿ ಓಡಿದರೆ ಸುಮಾರು 3.7 ಯೂನಿಟ್, ಮೋಟರಿನೊಳಗಿನ ನಷ್ಟ ಸೇರಿಸಿದರೆ ಇನ್ನೂ ಸ್ವಲ್ಪ ಹೆಚ್ಚು ಎಂದು ಮೋಟರಿನ ವಾಕ್ಯ ಬರೆದಿದ್ದ ಹುಡುಗ ಲೆಕ್ಕ ಹಾಕಿ, ಅದಕ್ಕೆ ಎಷ್ಟು ಟನ್ ನೀರು ಜೋಗದಿಂದ ಬೀಳಬೇಕೆಂಬ ಮುಂದಿನ ಲೆಕ್ಕವನ್ನು ತಾನೇ ಬೋರ್ಡಿನ ಮೇಲೆ ಬರೆಯತೊಡಗಿದ.