ತಂತಿಗೆ ಕಟ್ಟುಬೀಳದ ವಿಳಾಸ

ಬಳ್ಳಾರಿ, 12 ಏಪ್ರಿಲ್ 2024, ಶುಕ್ರವಾರ

ಹೋದ ವಾರ ಸಿರುಗುಪ್ಪ ರಸ್ತೆಯ ಬದಿಯಲ್ಲಿ ಜೆಸಿಬಿ ಅಗೆಯುವಾಗ ನಮ್ಮ ಎರಡು ಫೈಬರ್ ಮಾರ್ಗಗಳಲ್ಲಿ ಒಂದು ತುಂಡಾಯಿತು. ಡೇಟಾ ಸಂಚಾರವೆಲ್ಲ ತಾನಾಗಿಯೇ ಇನ್ನೊಂದು ಮಾರ್ಗಕ್ಕೆ ಹೊರಳಿದ್ದರಿಂದ ಯಾರ ಕೆಲಸವೂ ನಿಲ್ಲಲಿಲ್ಲ. ಆದರೆ ನಮ್ಮ ಮಾನಿಟರಿಂಗ್ ಪರದೆ ಮಾತ್ರ ಗೋದಾಮಿನ ಸ್ವಿಚ್ (ಕಂಪ್ಯೂಟರ್ ಜಾಲದ ಡೇಟಾ ಸಾಗಿಸುವ ಯಂತ್ರ) ಸಂಪೂರ್ಣ ಬಂದ್ ಆಗಿದೆಯೆಂದು ತೋರಿಸುತ್ತಿತ್ತು. ಆ ಸ್ವಿಚ್ಚಿಗೆ ಲಾಗಿನ್ ಆಗಲು ನಾವು ಬಳಸುತ್ತಿದ್ದ ಐಪಿ ವಿಳಾಸ ತುಂಡಾದ ಫೈಬರಿನ ಪೋರ್ಟಿಗೆ ಸೇರಿದ್ದೇ ಇದಕ್ಕೆ ಕಾರಣ. ಚೆನ್ನಾಗಿ ನಡೆಯುತ್ತಿರುವ ಯಂತ್ರವನ್ನು ನೋಡಲು ಗೋದಾಮಿನವರೆಗೆ ಹೋಗಿ ಬಂದೆವು.

ಆ ತಪ್ಪನ್ನು ಇಂದು ತಿದ್ದಿದೆವು. ಲೂಪ್‌ಬ್ಯಾಕ್ 0 ಎಂಬ ಇಂಟರ್ಫೇಸ್ (ಜಾಲಕ್ಕೆ ಸೇರುವ ಬಾಗಿಲು) ರಚಿಸಿ ಅದಕ್ಕೆ 10.255.0.3 ವಿಳಾಸವನ್ನು, ಒಂದೇ ವಿಳಾಸವನ್ನು ಸೂಚಿಸುವ /32 ಮಾಸ್ಕಿನೊಂದಿಗೆ ಕೊಟ್ಟೆ. ಜೊತೆಗಿದ್ದ ಹುಡುಗ, "ಸರ್, ಲೂಪ್‌ಬ್ಯಾಕ್ ಅಂದ್ರ 127.0.0.1 ಅಲ್ಲೇನ್ರೀ?" ಎಂದು ಕೇಳಿದ. ಒಳ್ಳೆಯ ಪ್ರಶ್ನೆ. 127ರ ವಿಳಾಸ ಯಂತ್ರದ ಒಳಗೇ ಉಳಿಯುತ್ತದೆ, ಹೊರಗಿನವರಿಗೆ ಅದು ಸಿಗುವುದಿಲ್ಲ. ಆದರೆ ಸ್ವಿಚ್ಚಿನಲ್ಲಿ ನಾವು ರಚಿಸುವ ಲೂಪ್‌ಬ್ಯಾಕ್, ಯಾವ ಪೋರ್ಟಿಗೂ ತಂತಿಗೂ ಅಂಟಿಕೊಳ್ಳದ, ನಾವೇ ಶಟ್‌ಡೌನ್ ಮಾಡುವವರೆಗೆ ಎದ್ದೇ ಇರುವ, ಇಡೀ ಜಾಲಕ್ಕೆ ತಿಳಿಸಬಹುದಾದ ಇಂಟರ್ಫೇಸ್. ಅಲ್ಲಿ ಒಂದೇ ಒಂದು ವಿಳಾಸ ಇರಬೇಕಾದ್ದರಿಂದ /32 ಸಾಕು.

ಸ್ವಿಚ್ಚಿನಲ್ಲೇ ಕುಳಿತು ಆ ವಿಳಾಸಕ್ಕೆ ಪಿಂಗ್ (ಉತ್ತರ ಬರುತ್ತದೆಯೇ ಎಂದು ನೋಡುವ ಸಣ್ಣ ಸಂದೇಶ) ಮಾಡಿದಾಗ ಉತ್ತರ ಬಂತು, ಮಾನಿಟರಿಂಗ್ ಸರ್ವರಿನಿಂದ ಬರಲಿಲ್ಲ. ಅರ್ಧ ತಾಸು ಆಕ್ಸೆಸ್ ಲಿಸ್ಟುಗಳನ್ನೆಲ್ಲ (ಯಾವ ಸಂಚಾರವನ್ನು ಬಿಡಬೇಕು, ತಡೆಯಬೇಕು ಎಂಬ ಪಟ್ಟಿಗಳನ್ನು) ತಡಕಾಡಿದ ಮೇಲೆ ಗೊತ್ತಾಯಿತು: ವಿಳಾಸ ಕೊಟ್ಟಿದ್ದೆನೇ ಹೊರತು ಅದನ್ನು, ಸ್ವಿಚ್ಚುಗಳು ದಾರಿಗಳನ್ನು ಪರಸ್ಪರ ತಿಳಿಸಿಕೊಳ್ಳುವ ವ್ಯವಸ್ಥೆಯಾದ ಓಎಸ್‌ಪಿಎಫ್‌ಗೆ ಸೇರಿಸಿರಲಿಲ್ಲ. ನೆರೆಯ ಸ್ವಿಚ್ಚುಗಳಿಗೆ ಅಲ್ಲಿಗೆ ಹೋಗುವ ದಾರಿಯೇ ತಿಳಿದಿರಲಿಲ್ಲ. ನೆಟ್‌ವರ್ಕ್ ಸಾಲೊಂದನ್ನು ಸೇರಿಸಿದ ಕೂಡಲೇ ಜಾಲದ ನಡುವಿನ ಕೋರ್ ಸ್ವಿಚ್ಚಿನ ರೂಟಿಂಗ್ ಟೇಬಲ್ಲಿನಲ್ಲಿ (ದಾರಿಗಳ ಪಟ್ಟಿಯಲ್ಲಿ) ಆ ವಿಳಾಸ ಎರಡೂ ಮಾರ್ಗಗಳಿಂದ ಕಾಣಿಸಿಕೊಂಡಿತು.

ಸಿಸ್‌ಲಾಗ್, ಎಸ್‌ಎನ್‌ಎಂಪಿ ಸಂದೇಶಗಳ (ಸ್ವಿಚ್ ತನ್ನ ಘಟನೆಗಳನ್ನೂ ಸ್ಥಿತಿಯನ್ನೂ ಮಾನಿಟರಿಂಗ್ ಸರ್ವರಿಗೆ ತಿಳಿಸುವ ಸಂದೇಶಗಳ) ಮೂಲ ವಿಳಾಸವನ್ನೂ ಲೂಪ್‌ಬ್ಯಾಕ್ 0ಕ್ಕೆ ಬದಲಿಸಿದೆ. ಇದನ್ನು ಬಿಟ್ಟರೆ ಸಂದೇಶ ಹೊರಟ ಪೋರ್ಟಿನ ವಿಳಾಸವೇ ಲಾಗಿನಲ್ಲಿ ದಾಖಲಾಗಿ, ಒಂದೇ ಸ್ವಿಚ್ ಎರಡು ಹೆಸರಿನಲ್ಲಿ ಕಾಣುತ್ತದೆ. ಈ ಸಣ್ಣ ಕೆಲಸವನ್ನು ಬಹಳ ಜನ ಮರೆಯುತ್ತಾರೆ.

ಮಧ್ಯಾಹ್ನ ಒಂದು ಫೈಬರನ್ನು ಬೇಕೆಂದೇ ಕಿತ್ತು ನೋಡಿದೆವು. ಪಿಂಗ್ ಒಂದೆರಡು ಬಾರಿ ತಪ್ಪಿ ಮತ್ತೆ ಹಿಡಿಯಿತು, ಪರದೆಯಲ್ಲಿ ಸ್ವಿಚ್ ಹಸಿರಾಗಿಯೇ ಉಳಿಯಿತು. ಹುಡುಗನ ಮುಖ ಅರಳಿದ್ದನ್ನು ನೋಡಿ ನನಗೂ ಸಂತೋಷವಾಯಿತು.

ಓಎಸ್‌ಪಿಎಫ್‌ನ ರೂಟರ್ ಐಡಿ (ಆ ವ್ಯವಸ್ಥೆಯಲ್ಲಿ ಈ ಸ್ವಿಚ್ಚಿನ ಗುರುತು) ಮಾತ್ರ ಇನ್ನೂ ಹಳೆಯ ಪೋರ್ಟಿನ ವಿಳಾಸವೇ ಆಗಿದೆ. ಲೂಪ್‌ಬ್ಯಾಕ್ ಇದ್ದರೆ ಆಯ್ಕೆಯಲ್ಲಿ ಅದಕ್ಕೇ ಮೊದಲ ಮನ್ನಣೆ, ಆದರೆ ಈಗಾಗಲೇ ನಡೆಯುತ್ತಿರುವ ಪ್ರಕ್ರಿಯೆ ತನ್ನ ಐಡಿಯನ್ನು ತಾನಾಗಿ ಬದಲಿಸಿಕೊಳ್ಳುವುದಿಲ್ಲ. ಪ್ರಕ್ರಿಯೆಯನ್ನು ಮರುಪ್ರಾರಂಭಿಸಿದರೆ ನೆರೆಯ ಸ್ವಿಚ್ಚುಗಳೊಂದಿಗಿನ ಸಂಬಂಧಗಳೆಲ್ಲ ಒಮ್ಮೆ ಕಡಿದು ಮತ್ತೆ ಕೂಡಬೇಕು. ಆದ್ದರಿಂದ ಆ ಕೆಲಸವನ್ನು ಭಾನುವಾರ ರಾತ್ರಿಗೆ ಇಟ್ಟುಕೊಂಡಿದ್ದೇನೆ. ಐಡಿಯನ್ನು ಆಯ್ಕೆಗೆ ಬಿಡದೆ ಕೈಯಾರೆ ಬರೆಯುತ್ತೇನೆ.