ಚೀನಾಕ್ಕೆ ಹೊರಟ ಪೈಲಟ್‌ಗೆ, ಮೊದಲು ಹೊಟ್ಟೆಯ ಸ್ಕ್ಯಾನ್

ಭಾನುವಾರ, 17 ನವೆಂಬರ್ 2019
ಚೆಂಗ್ಡು

ಇವತ್ತು ರಜೆ. ಬೆಳಿಗ್ಗೆ ಕಿಟಕಿ ತೆರೆದರೆ ಮತ್ತದೇ ಬೂದು ಆಕಾಶ. ಸೂರ್ಯ ಕಂಡರೆ ಈ ಸಿಚುವಾನ್ ಪ್ರಾಂತ್ಯದ ನಾಯಿಗಳು ಬೊಗಳುತ್ತವೆ ಅಂತ ಇಲ್ಲಿ ಒಂದು ಹಳೆಯ ಮಾತಿದೆ. ಬಿಸಿಲು ಅಷ್ಟು ಅಪರೂಪ. ಕಾಫಿ ಹಿಡಿದು ಕೂತಿದ್ದೆ, ವೀಚಾಟ್‌ನಲ್ಲಿ ಕರೆ ಬಂತು. ನಮ್ಮ ಸಾಗರದ ಕಡೆಯ ಹುಡುಗ. ಪೈಲಟ್. ಕಮಾಂಡ್, ಅಂದರೆ ಕ್ಯಾಪ್ಟನ್ ಸ್ಥಾನ, ಸಿಕ್ಕಿ ಎರಡು ವರ್ಷ ಆಗಿತ್ತು, ಈ ವರ್ಷ ಕೆಲಸ ಹೋಯಿತು.

"ಅಣ್ಣಾ, ಚೀನಾದಿಂದ ಆಫರ್ ಬಂದಿದೆ. ಸಂಬಳ ಇಲ್ಲಿಯದರ ಎರಡು ಪಟ್ಟು. ಸಹಿ ಹಾಕ್ಲಾ?"

"ಹೊಟ್ಟೆ ಸ್ಕ್ಯಾನ್ ಮಾಡಿಸಿದ್ದೀಯಾ?" ಅಂತ ಕೇಳಿದೆ. ಅವನಿಗೆ ನಾನು ಏನು ಕೇಳಿದೆ ಅಂತಲೇ ಅರ್ಥವಾಗಲಿಲ್ಲ. ಒಂದೂವರೆ ಗಂಟೆ ಮಾತಾಡಿದೆವು. ಅದನ್ನೇ ಇಲ್ಲಿ ಬರೆದಿಡುತ್ತಿದ್ದೇನೆ, ಇನ್ನೂ ಯಾರಿಗಾದರೂ ಬೇಕಾಗಬಹುದು.

ನಾನು 2016ರಲ್ಲಿ ಇಲ್ಲಿಗೆ ಪೈಲಟ್ ಕೆಲಸಕ್ಕೆ ಬಂದೆ. ಸಿಮ್ಯುಲೇಟರ್ ಪರೀಕ್ಷೆಗೆ ಎರಡು ತಿಂಗಳು ತಯಾರಿ ಮಾಡಿದ್ದೆ. ಒಂದೇ ಎಂಜಿನ್, ಆಟೋಪೈಲಟ್ ಇಲ್ಲ, ಪರದೆಯಲ್ಲಿ ದಾರಿ ತೋರುವ ಫ್ಲೈಟ್ ಡೈರೆಕ್ಟರ್ ಇಲ್ಲ, ರನ್‌ವೇಯ ರೇಡಿಯೊ ಸಂಕೇತ (ಐಎಲ್‌ಎಸ್) ಹಿಡಿದು ಇಳಿಯಬೇಕು, ಮತ್ತೆ ಮೇಲೇರಬೇಕು. ಅದರಲ್ಲಿ ಪಾಸಾದೆ. ಮೆಡಿಕಲ್‌ನಲ್ಲಿ ನಿಂತುಬಿಟ್ಟೆ. ನಮ್ಮಲ್ಲಿ ಪ್ರತಿ ವರ್ಷ ಪೈಲಟ್‌ಗಳ ಆರೋಗ್ಯ ತಪಾಸಣೆ, ಕ್ಲಾಸ್ ಒನ್ ಮೆಡಿಕಲ್, ಮಾಡಿಸಿಕೊಂಡವನು ನಾನು, ಏನೂ ತೊಂದರೆ ಇರಲಿಲ್ಲ. ಇಲ್ಲಿ ಹೊಟ್ಟೆಯ ಅಲ್ಟ್ರಾಸೌಂಡ್ ತೆಗೆದ ಡಾಕ್ಟರಮ್ಮ ಒಂದು ಜಾಗದಲ್ಲಿ ಕೈ ನಿಲ್ಲಿಸಿದರು. ಪಕ್ಕದವರನ್ನು ಕರೆದರು. ಎಡ ಕಿಡ್ನಿಯಲ್ಲಿ ನಾಲ್ಕು ಮಿಲಿಮೀಟರ್ ಕಲ್ಲು. ಒಂದು ದಿನವೂ ನೋವು ಕಂಡಿರಲಿಲ್ಲ.

ಕಲ್ಲಿದ್ದರೆ ಮೆಡಿಕಲ್ ಕೊಡುವುದಿಲ್ಲ. ಹಾರುವಾಗ ಆ ನೋವು ಶುರುವಾದರೆ ಪೈಲಟ್ ಕೈಲಾಗದವನಾಗುತ್ತಾನೆ, ಅದು ಅವರ ಲೆಕ್ಕ. ತಪ್ಪು ಅಂತ ನಾನೂ ಹೇಳಲಾರೆ. ಆದರೆ ನಾನು ಊರಲ್ಲಿ ಕೆಲಸ ಬಿಟ್ಟು ಬಂದಿದ್ದೆ! ನಾಲ್ಕು ತಿಂಗಳು ಸಾಗರದ ಮನೆಯಲ್ಲಿ ಕೂತೆ. ಅಮ್ಮ ದಿನಾ ಬಾಳೆದಿಂಡಿನ ಪಲ್ಯ ಮಾಡಿದಳು. ಕೊನೆಗೆ ಆಸ್ಪತ್ರೆಯಲ್ಲಿ ಕಲ್ಲನ್ನು ಪುಡಿ ಮಾಡಿ ತೆಗೆಸಿದೆ. ಆ ನಾಲ್ಕು ತಿಂಗಳು ಒಂದು ರೂಪಾಯಿ ಸಂಬಳ ಇಲ್ಲ. ನನ್ನನ್ನು ಕಳಿಸಿದ ಏಜೆನ್ಸಿಯವರು ಫೋನ್ ತೆಗೆಯುವುದನ್ನೂ ಕಡಿಮೆ ಮಾಡಿದರು. ಕಾಂಟ್ರಾಕ್ಟ್ ತೆಗೆದು ನೋಡಿದರೆ, ಮೆಡಿಕಲ್ ಸಿಗದಿದ್ದರೆ ಏನು ಅನ್ನುವ ಬಗ್ಗೆ ಒಂದು ಸಾಲೂ ಇರಲಿಲ್ಲ. ನಾನೂ ಕೇಳಿರಲಿಲ್ಲ.

ಅದಕ್ಕೇ ಅವನಿಗೆ ಹೇಳಿದೆ. ಟಿಕೆಟ್ ಬುಕ್ ಮಾಡುವ ಮೊದಲು ನಿನ್ನ ದುಡ್ಡಲ್ಲೇ ಪೂರ್ತಿ ತಪಾಸಣೆ ಮಾಡಿಸು. ಕಿಡ್ನಿ, ಪಿತ್ತಕೋಶ, ಲಿವರ್, ಇಸಿಜಿ, ಟ್ರೆಡ್‌ಮಿಲ್, ಕಿವಿ, ರಕ್ತದ ಕೊಬ್ಬು. ಏನಾದರೂ ಸಿಕ್ಕರೆ ಮನೆಯಲ್ಲಿರುವಾಗಲೇ ಸರಿ ಮಾಡಿಕೋ. ಕೆಲಸದಲ್ಲಿರುವವರಿಗೆ ಇದು ಇನ್ನೂ ಮುಖ್ಯ. 2017ರಿಂದ ನಮ್ಮಲ್ಲಿ ಕ್ಯಾಪ್ಟನ್ ರಾಜೀನಾಮೆ ಕೊಟ್ಟರೆ ಒಂದು ವರ್ಷ, ಫಸ್ಟ್ ಆಫೀಸರ್ (ಕೋ-ಪೈಲಟ್) ಆದರೆ ಆರು ತಿಂಗಳು ನೋಟಿಸ್ ಇದೆ. ಸುಮ್ನೆ ಆಸೆಗೆ ಬಿದ್ದು ಕಾಗದ ಕೊಟ್ಟರೆ ವಾಪಸ್ ತೆಗೆದುಕೊಳ್ಳುವುದು ಕಷ್ಟ.

ಕಾಂಟ್ರಾಕ್ಟ್‌ನಲ್ಲಿ ಕೇಳಬೇಕಾದ್ದು ಬಹಳ ಇದೆ. ಸಂಬಳ ಶುರುವಾಗುವುದು ಬಂದ ದಿನದಿಂದಲಾ, ಲೈಸೆನ್ಸ್ ಸಿಕ್ಕ ದಿನದಿಂದಲಾ? ನನಗೆ ಎರಡರ ನಡುವೆ ಏಳು ತಿಂಗಳು ಹೋಯಿತು. ಇಲ್ಲಿನ ತೆರಿಗೆ ಕಟ್ಟುವವರು ಯಾರು, ಕಟ್ಟಿದ ಚೀಟಿ ನಿನ್ನ ಕೈಗೆ ಕೊಡುತ್ತಾರಾ? ಆ ಚೀಟಿ ಇಲ್ಲದೆ ಬ್ಯಾಂಕಿನಲ್ಲಿ ಯುವಾನ್ ಬದಲಿಸಿ ಊರಿಗೆ ಕಳಿಸುವುದು ಕಷ್ಟ. ಲೈಸೆನ್ಸ್ ಹೋದರೆ ವಿಮೆ ಇದೆಯಾ? ನಾನು ಆರು ವಾರ ಇಲ್ಲಿ, ಮೂರು ವಾರ ಊರಲ್ಲಿ ಅನ್ನುವ ಲೆಕ್ಕದಲ್ಲಿದ್ದೇನೆ. ಮನೆಯವಳೂ ಮಗಳೂ ಅಲ್ಲೇ ಇದ್ದಾರೆ. ಮನೆಯಲ್ಲಿ ಮದುವೆ, ಮುಂಜಿ ಇದ್ದರೆ ಆ ತಾರೀಖನ್ನು ಸಹಿಗೆ ಮೊದಲೇ ಬರೆಸಿಕೊಳ್ಳಬೇಕು. ಚೀನೀ ಹೊಸ ವರ್ಷದ ಸುತ್ತ 40 ದಿನ, ಚುನ್‌ಯುನ್ ಅನ್ನುತ್ತಾರೆ, ಇಡೀ ದೇಶವೇ ಊರಿಗೆ ಹೊರಡುತ್ತದೆ. 2020ರಲ್ಲಿ ಅದು ಜನವರಿ 10ಕ್ಕೆ ಶುರು. ಆಗ ರಜೆ ಕೇಳಬಾರದು. ಸಂಕ್ರಾಂತಿಗೆ ನಾನು ಮನೆಯಲ್ಲಿರುವುದಿಲ್ಲ.

ಕಾಗದಪತ್ರದಲ್ಲಿ ನಮ್ಮ ಕಡೆಯವರಿಗೇ ಒಂದು ವಿಶೇಷ ತೊಂದರೆ ಇದೆ. ಇನಿಷಿಯಲ್! ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಎರಡು ಅಕ್ಷರ, ಪಾಸ್‌ಪೋರ್ಟ್‌ನಲ್ಲಿ ಅದೇ ಬಿಡಿಸಿ ಅಪ್ಪನ ಹೆಸರು, ಊರಿನ ಹೆಸರು, ಲೈಸೆನ್ಸ್‌ನಲ್ಲಿ ಇನ್ನೊಂದು ಥರ. ಇಲ್ಲಿನ ಅಧಿಕಾರಿಗೆ ಅದು ಮೂರು ಬೇರೆ ಮನುಷ್ಯರು. ಲೈಸೆನ್ಸ್‌ನ ಹೆಸರು ಪಾಸ್‌ಪೋರ್ಟ್‌ನ ಹಾಗೆ ಅಕ್ಷರ ಅಕ್ಷರ ಹೊಂದುವಂತೆ ಮೊದಲೇ ತಿದ್ದಿಸಿಕೊಳ್ಳಿ. ನಮ್ಮ ವಿಮಾನಯಾನ ನಿಯಂತ್ರಕ ಡಿಜಿಸಿಎ ಕೊಡುವ ಲೈಸೆನ್ಸ್ ದೃಢೀಕರಣ, ಪೊಲೀಸ್ ಕ್ಲಿಯರೆನ್ಸ್, ಹಳೆಯ ಕಂಪನಿಯಿಂದ ಹಾರಾಟದ ಗಂಟೆಗಳ ಪತ್ರ, ಇವೂ ಬೇಕು. ಕಂಪನಿ ಮುಚ್ಚುವ ಹಾಗಿದ್ದರೆ ಗಂಟೆಗಳ ಪತ್ರ ಇವತ್ತೇ ತೆಗೆದುಕೊಳ್ಳಿ. ನಾಳೆ ಸಹಿ ಹಾಕುವವರು ಇರುವುದಿಲ್ಲ. ಜ಼ಡ್ ವೀಸಾದಲ್ಲಿ (ಕೆಲಸಕ್ಕೆ ಕೊಡುವ ವೀಸಾ) ಬಂದ ಮೇಲೆ 30 ದಿನದೊಳಗೆ ವಾಸದ ಪರವಾನಗಿಗೆ ಅರ್ಜಿ ಹಾಕಬೇಕು. ಬಾಡಿಗೆ ಮನೆಗೆ ಹೋದರೆ 24 ಗಂಟೆಯೊಳಗೆ ಪೊಲೀಸ್ ಠಾಣೆಯಲ್ಲಿ ಹೆಸರು ಬರೆಸಬೇಕು.

ಹಾರಾಟದ ವಿಷಯಕ್ಕೆ ಬಂದಾಗ ಅವನ ದನಿಯೇ ಬದಲಾಯಿತು. ಪೈಲಟ್ ಅಲ್ವಾ! ಇಲ್ಲಿ ಎತ್ತರ ಹೇಳುವುದು ಮೀಟರ್‌ನಲ್ಲಿ. ಶಾಂಘೈನಿಂದ ಚೆಂಗ್ಡುವಿಗೆ ಬರುವಾಗ 10,400 ಮೀಟರ್ ಅಂದರೆ ನಾವು ಹಾರುವುದು 34,100 ಅಡಿಯಲ್ಲಿ. ಮನಸ್ಸಲ್ಲೇ ಗುಣಿಸಿದರೆ 34,121 ಬರುತ್ತದೆ, ಹಾಗೆ ಹಾರುವಂತಿಲ್ಲ. ಪಟ್ಟಿ ನೋಡಿಯೇ ಎತ್ತರ ಹಾಕಬೇಕು, ಇಬ್ಬರೂ ನೋಡಬೇಕು. ಗಾಳಿಯ ವೇಗ ಸೆಕೆಂಡಿಗೆ ಇಷ್ಟು ಮೀಟರ್ ಅಂತ ಕೊಡುತ್ತಾರೆ. ಅದನ್ನು ಎರಡರಿಂದ ಗುಣಿಸಿದರೆ ಹೆಚ್ಚುಕಡಿಮೆ ನಾವು ಬಳಸುವ ನಾಟ್ ಲೆಕ್ಕ ಬಂತು. ಎಂಟು ಅಂದರೆ ಹದಿನಾರು.

ಇದಕ್ಕಿಂತ ದೊಡ್ಡದು ರೇಡಿಯೊ. ನಮ್ಮ ಜೊತೆ ಇಂಗ್ಲಿಷ್‌ನಲ್ಲಿ ಮಾತಾಡುವ ಕಂಟ್ರೋಲರ್, ಅಂದರೆ ನೆಲದಿಂದ ವಿಮಾನಗಳಿಗೆ ದಾರಿ ಹೇಳುವವರು, ಉಳಿದವರೆಲ್ಲರ ಜೊತೆ ಚೀನೀ ಭಾಷೆಯಲ್ಲಿ ಮಾತಾಡುತ್ತಾರೆ. ನಮ್ಮ ಮುಂದೆ ಯಾರಿದ್ದಾರೆ, ಯಾರು ಇಳಿಯುತ್ತಿದ್ದಾರೆ, ಕಿವಿಗೆ ಬಿದ್ದರೂ ತಲೆಗೆ ಹೋಗುವುದಿಲ್ಲ. ಮೊದಲ ತಿಂಗಳು ಕಣ್ಣಿಗೆ ಬಟ್ಟೆ ಕಟ್ಟಿದ ಹಾಗಿತ್ತು. ಚೀನೀ ಕೋ-ಪೈಲಟ್‌ಗೆ ಕೇಳಿದೆ, ನೀನು ಕೇಳಿಸಿಕೊಂಡಿದ್ದನ್ನು ನನಗೂ ಹೇಳುತ್ತಿರು ಅಂತ. ಹುಡುಗ ಖುಷಿಯಿಂದ ಒಪ್ಪಿದ. ಅಂಕಿಗಳನ್ನೂ ಕಲಿಸಿದ. ರೇಡಿಯೊದಲ್ಲಿ ಸೊನ್ನೆಗೆ ದೊಂಗ್, ಒಂದಕ್ಕೆ ಯಾವ್, ಎರಡಕ್ಕೆ ಲ್ಯಾಂಗ್, ಏಳಕ್ಕೆ ಗ್ವಾಯ್. ಮಾರುಕಟ್ಟೆಯಲ್ಲಿ ಹೇಳುವ ಅಂಕಿ ಬೇರೆ, ಇವು ಬೇರೆ. "ದೊಂಗ್ ಲ್ಯಾಂಗ್ ಜ್ವೋ" ಅಂದರೆ ಸೊನ್ನೆ ಎರಡು ಎಡ, ಚೆಂಗ್ಡುವಿನ ಎಡಗಡೆ ರನ್‌ವೇ. ಇಷ್ಟು ಗೊತ್ತಾದ ದಿನ ಕಾಕ್‌ಪಿಟ್‌ನಲ್ಲಿ ದೀಪ ಹಚ್ಚಿದ ಹಾಗಾಯಿತು. ಚೀನಾಕ್ಕೆ ಬರುವ ಮೊದಲೇ ಸೊನ್ನೆಯಿಂದ ಒಂಬತ್ತರವರೆಗಿನ ಈ ಹತ್ತು ಪದ ಬಾಯಿಪಾಠ ಮಾಡಿಕೊಂಡು ಬಾ ಅಂತ ಅವನಿಗೆ ಹೇಳಿದ್ದೇನೆ.

ಇನ್ನೊಂದು, ಕ್ಯೂಎಆರ್, ಹಾರಾಟವನ್ನು ದಾಖಲಿಸುವ ಯಂತ್ರ. ವಿಮಾನದ ಪ್ರತಿ ಹಾರಾಟದ ದಾಖಲೆಯನ್ನೂ ತೆಗೆದು ನೋಡುತ್ತಾರೆ. ಸ್ವಲ್ಪ ಗಟ್ಟಿಯಾಗಿ ಇಳಿಸಿದರೂ ಮರುದಿನ ಕರೆ ಬರುತ್ತದೆ, ಕೆಲವು ಕಡೆ ಸಂಬಳವನ್ನೂ ಕಡಿಯುತ್ತಾರೆ. ಯಾವ ಮಿತಿ ಮೀರಿದರೆ ಏನು ಶಿಕ್ಷೆ ಅನ್ನುವ ಪಟ್ಟಿಯನ್ನು ಮೊದಲ ದಿನವೇ ಕೇಳಿ ಇಟ್ಟುಕೊಳ್ಳಬೇಕು. ಆಮೇಲೆ, ಗಂಟೆಗಟ್ಟಲೆ ವಿಮಾನದ ಬಾಗಿಲು ಮುಚ್ಚಿ ನೆಲದಲ್ಲೇ ಕಾಯುವುದು. ಆಕಾಶದ ಬಹುಪಾಲು ಸೇನೆಯ ಕೈಯಲ್ಲಿದೆ, ನಾಗರಿಕ ವಿಮಾನಗಳಿಗೆ ಉಳಿಯುವ ದಾರಿ ಕಿರಿದು. ಇಳಿದ ಮೇಲೆ ಯಾರಿಗೂ ಇಂಥ ಹೊತ್ತಿಗೆ ಸಿಗುತ್ತೇನೆ ಅಂತ ಮಾತು ಕೊಡಬೇಡಿ.

ಊಟದ ಬಗ್ಗೆ ಅವನು ಜಾಸ್ತಿ ಹೆದರಿದ್ದ. ಶುದ್ಧ ಸಸ್ಯಾಹಾರಿ. "ವೋ ಚ್ರ್ ಸು", ನಾನು ಸಸ್ಯಾಹಾರಿ, ಅಂದರೆ ಅರ್ಥ ಮಾಡಿಕೊಳ್ಳುತ್ತಾರೆ. ಆದರೂ ಹುರುಳಿಕಾಯಿ ಪಲ್ಯದಲ್ಲಿ ಕೊಚ್ಚಿದ ಹಂದಿಮಾಂಸ ಇರಬಹುದು, ಮತ್ತೊಮ್ಮೆ ಕೇಳಬೇಕು. ಬೌದ್ಧ ಮಠಗಳ ಪಕ್ಕದ ಹೋಟೆಲುಗಳಲ್ಲಿ ಆ ಭಯವಿಲ್ಲ. ಇಲ್ಲಿನ ಅಡುಗೆಗೆಲ್ಲ ಹಾಕುವ ಹ್ವಾಜ್ಯಾವ್ ಇದೆಯಲ್ಲ, ನಾಲಿಗೆ ಜುಮ್ಮೆನ್ನಿಸುವ ಕಾಳು, ಅದು ನಮ್ಮ ಮಲೆನಾಡಿನ ಜುಮ್ಮನಕಾಯಿಯ ಸಂಬಂಧಿ. ಮೊದಲ ಸಲ ತಿಂದಾಗ ಅಜ್ಜಿಯ ಅಡುಗೆಮನೆ ನೆನಪಾಗಿ ಕಣ್ಣು ತುಂಬಿತು. ಮಿಕ್ಸಿ ತರಬಹುದು, ಕರೆಂಟ್ 220 ವೋಲ್ಟ್, ಹೆಚ್ಚುಕಡಿಮೆ ನಮ್ಮ ಹಾಗೇ. ಪ್ಲಗ್ ಮಾತ್ರ ಬದಲಿಸಬೇಕು.

ವಾಟ್ಸಾಪ್, ಗೂಗಲ್ ಇಲ್ಲಿ ತೆರೆಯುವುದಿಲ್ಲ. ಹೊರಡುವ ಮೊದಲೇ ಅಮ್ಮನ ಫೋನಿಗೆ ಎರಡೂ ಕಡೆ ನಡೆಯುವ ಆ್ಯಪ್ ಒಂದನ್ನು ಹಾಕಿಕೊಟ್ಟು, ವಿಡಿಯೊ ಕರೆ ಮಾಡುವುದನ್ನು ನಾಲ್ಕು ಸಲ ಅಭ್ಯಾಸ ಮಾಡಿಸು ಅಂದೆ. ಇಲ್ಲಿ ಗಡಿಯಾರ ಎರಡೂವರೆ ಗಂಟೆ ಮುಂದೆ. ಅಮ್ಮ ದೀಪ ಹಚ್ಚುವ ಹೊತ್ತಿಗೆ ನಮ್ಮದು ರಾತ್ರಿ ಊಟ ಮುಗಿದಿರುತ್ತದೆ. ಆ ಹೊತ್ತಿನಲ್ಲೇ ನಾನು ದಿನಾ ಮಾತಾಡುತ್ತೇನೆ.

ಸಂಜೆ ಅವನ ಮೆಸೇಜ್ ಬಂತು. ಬುಧವಾರ ಶಿವಮೊಗ್ಗದಲ್ಲಿ ಸ್ಕ್ಯಾನ್‌ಗೆ ಹೇಳಿಟ್ಟಿದ್ದಾನಂತೆ. ವರದಿ ಬಂದ ಕೂಡಲೇ ಕಳಿಸು, ಅಲ್ಲಿಯವರೆಗೆ ಪೆನ್ನು ಮುಟ್ಟಬೇಡ ಅಂತ ಬರೆದೆ. ನಾಳೆ ಬೆಳಿಗ್ಗೆ 5.40ಕ್ಕೆ ನನ್ನ ಗಾಡಿ ಬರುತ್ತದೆ.