ಉಪ್ಪುನೀರು ತಿಂದ ಬೆಳ್ಳಿ

ಸಂಜೆ ಅವೆನ್ಯೂ ರಸ್ತೆಯಿಂದ ತಂದ ನಾಣ್ಯ ಈಗ ಮೇಜಿನ ದೀಪದ ಕೆಳಗಿದೆ. ಮೆಕ್ಸಿಕೋದಲ್ಲಿ 1783ರಲ್ಲಿ ಅಚ್ಚಾದ ಎಂಟು ರಿಯಾಲ್, ಅಂದರೆ ಆಗಿನ ಸ್ಪೇನಿನ ಬೆಳ್ಳಿ ನಾಣ್ಯ. ಸ್ಪೇನಿನ ದೊರೆ ಮೂರನೇ ಕಾರ್ಲೋಸನ ಮೂಗು ಸವೆದಿದೆ, ಕೆನ್ನೆ ತುಂಬ ಸಣ್ಣ ಸಣ್ಣ ಕುಳಿ. ಹಿಂಬದಿಯ ಎರಡು ಕಂಬಗಳಲ್ಲಿ ಒಂದು ಮಾತ್ರ ಬೆರಳಿಗೆ ಸಿಗುತ್ತದೆ.

1784ರ ಜನವರಿಯಲ್ಲಿ ವೆರಾಕ್ರೂಜ್‌ನಿಂದ ನ್ಯೂ ಆರ್ಲಿಯನ್ಸ್‌ಗೆ ಹೊರಟ ಎಲ್ ಕಸಡೋರ್ ಹಡಗಿನ ತುಂಬ ಇಂಥವೇ ಇದ್ದವು. ಬೆಲೆ ಕಳಕೊಂಡ ಕಾಗದದ ದುಡ್ಡಿಗೆ ಬದಲಾಗಿ ಜನರ ಕೈ ಸೇರಬೇಕಿದ್ದ ಬೆಳ್ಳಿ. ಹಡಗು ದಡ ಮುಟ್ಟಲೇ ಇಲ್ಲ. 1993ರಲ್ಲಿ ಮೀನುಗಾರರ ಬಲೆ ತಳದಲ್ಲಿ ಏನಕ್ಕೋ ಸಿಕ್ಕಿಹಾಕಿಕೊಂಡಿತು, ಮೇಲೆಳೆದರೆ ನಾಣ್ಯಗಳು. ಇದು ಅವುಗಳಲ್ಲೊಂದು.

ಅಮ್ಮ ನೋಡಿದವರೇ, "ಎಷ್ಟು ಕಪ್ಪಾಗಿದೆಯಲ್ಲೋ, ವಿಭೂತಿ ಹಾಕಿ ತಿಕ್ಕಿ ಕೊಡ್ಲಾ?" ಅಂದರು. ಬೇಡಮ್ಮ ಅಂದೆ. ತಿಕ್ಕಿದರೆ ಅಳಿದುಳಿದ ಅಕ್ಷರವೂ ಹೋಗುತ್ತದೆ. ಹೊಳಪಿಗೇ ಹೆಚ್ಚು ದುಡ್ಡು ಕೊಡುವ ಸಂಗ್ರಾಹಕರಿದ್ದಾರೆ, ನನಗೆ ಈ ಕಪ್ಪೇ ಬೇಕು. ಇನ್ನೂರು ವರ್ಷ ಕತ್ತಲಲ್ಲಿ ಕೂತದ್ದಕ್ಕೆ ಅದೇ ಸಾಕ್ಷಿ.

ತಕ್ಕಡಿಗಿಟ್ಟೆ. ಟಂಕಸಾಲೆಯಿಂದ ಹೊರಟಾಗ ಸುಮಾರು 27 ಗ್ರಾಂ ಇದ್ದದ್ದು ಈಗ 22. ಉಳಿದ ಬೆಳ್ಳಿ ಮೆಕ್ಸಿಕೋ ಕೊಲ್ಲಿಯ ನೀರಿನಲ್ಲೇ ಕರಗಿದೆ.

ಕತೆಯೆಲ್ಲ ಕೇಳಿದ ಮೇಲೆ ಅಮ್ಮ ನಾಣ್ಯವನ್ನು ಅಂಗೈಯಲ್ಲಿಟ್ಟುಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಪಾಪ, ಎಷ್ಟು ಜನ ಇದ್ರೋ ಅದರಲ್ಲಿ" ಅಂದರು.